ಐದೇ ಭಾಗಾಕಾರಕ್ಕೆ ಬಿಚ್ಚಿಕೊಳ್ಳುವ 4294967297

ಪ್ರಶ್ನೆ: 4294967297 ಅವಿಭಾಜ್ಯ ಸಂಖ್ಯೆಯೇ? 2ನ್ನು ಆಧಾರವಾಗಿಟ್ಟುಕೊಂಡು ಫರ್ಮಾ ಪರೀಕ್ಷೆ ಮಾಡುವ ಚಿಕ್ಕ ಪ್ರೋಗ್ರಾಂ ಒಂದನ್ನು ಬರೆದೆ. ಶೇಷ 1 ಬಂತು, ಆದ್ದರಿಂದ ಅವಿಭಾಜ್ಯ ಎಂದು ಅದು ಹೇಳುತ್ತದೆ. ಅದನ್ನೇ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ಶೇಷ 0 ಬರುತ್ತದೆ. ಪುಸ್ತಕದಲ್ಲಿ ಮಾತ್ರ ಸಂಯುಕ್ತ ಸಂಖ್ಯೆ ಎಂದಿದೆ. ಯಾವುದನ್ನು ನಂಬಲಿ? ಕಂಪ್ಯೂಟರಿನ ಹಂಗಿಲ್ಲದೆ ಕಾಗದದ ಮೇಲೆ ಇದನ್ನು ಸಾಧಿಸಲು ಆಗುತ್ತದೆಯೇ? ಈ ಸಂಖ್ಯೆಗೆ ಬೇರೆ ಯಾವ ಗುಣಗಳಿವೆ?

ಉತ್ತರ: ಪುಸ್ತಕವನ್ನು ನಂಬಿ. 4294967297 = 641 × 6700417. ನಿಮ್ಮ ಮೊದಲ ಪ್ರೋಗ್ರಾಂ ಕೊಟ್ಟ ಶೇಷ 1 ಕೂಡ ಸರಿಯಾದ ಲೆಕ್ಕವೇ. ತಪ್ಪಿದ್ದು ಅದರಿಂದ ತೆಗೆದ ತೀರ್ಮಾನ. ಎರಡನೆಯ ಪ್ರೋಗ್ರಾಂ ಕೊಟ್ಟ 0 ಮಾತ್ರ ಲೆಕ್ಕದಲ್ಲೇ ಆದ ತಪ್ಪು. ಎರಡಕ್ಕೂ ಕಾರಣ ಈ ಸಂಖ್ಯೆಯ ರಚನೆಯಲ್ಲೇ ಇದೆ. ಆದ್ದರಿಂದ ಮೊದಲು ರಚನೆಯನ್ನು ನೋಡೋಣ.

ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಹೀಗೆ ಓದಿದರೆ ಇದರಲ್ಲಿ ಯಾವ ವಿಶೇಷವೂ ಕಾಣುವುದಿಲ್ಲ. ದ್ವಿಮಾನದಲ್ಲಿ ಬರೆದರೆ ಒಂದು 1, ನಡುವೆ 31 ಸೊನ್ನೆ, ಕೊನೆಗೆ ಮತ್ತೊಂದು 1. ಅಂದರೆ ಇದು 2³² + 1. ಆಧಾರ 16ರಲ್ಲಿ 100000001, ಆಧಾರ 256ರಲ್ಲಿ 10001, ಆಧಾರ 65536ರಲ್ಲಿ ಬರೀ 101. ಯಾವ ಕಡೆಯಿಂದ ಓದಿದರೂ ಒಂದೇ. ಮುಂದೆ ಬರುವ ಪ್ರತಿಯೊಂದು ಗುಣವೂ ಈ ಎರಡು ಒಂದುಗಳಿಂದಲೇ ಹುಟ್ಟುತ್ತದೆ.

2ರ ಯಾವುದೋ ಘಾತಕ್ಕೆ 1 ಕೂಡಿಸಿ ಅವಿಭಾಜ್ಯ ಪಡೆಯಬೇಕಾದರೆ ಆ ಘಾತಾಂಕ 1, 2, 4, 8, 16, 32 ಹೀಗೆ 2ರ ಘಾತವೇ ಆಗಿರಬೇಕು. ಘಾತಾಂಕದಲ್ಲಿ 1ಕ್ಕಿಂತ ದೊಡ್ಡ ಬೆಸ ಅಪವರ್ತನ ಇದ್ದರೆ ಸಂಖ್ಯೆ ತಾನಾಗಿಯೇ ಒಡೆಯುತ್ತದೆ. 2⁶ + 1 = 65ನ್ನು ನೋಡಿ: 6ರಲ್ಲಿ 3 ಅಡಗಿರುವುದರಿಂದ 2² + 1 = 5 ಅದನ್ನು ಭಾಗಿಸುತ್ತದೆ. ಹೀಗೆ ಉಳಿಯುವ 3, 5, 17, 257, 65537 ಐದೂ ಅವಿಭಾಜ್ಯಗಳು. ಆರನೆಯದೇ ನಮ್ಮ ಸಂಖ್ಯೆ. ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂಬ ನಂಬಿಕೆಯನ್ನು ಪಿಯರ್ ದ ಫರ್ಮಾ 1640ರ ಪತ್ರಗಳಲ್ಲಿ ಬರೆದಿದ್ದರು. 1729ರ ಡಿಸೆಂಬರಿನಲ್ಲಿ ಕ್ರಿಶ್ಚಿಯನ್ ಗೋಲ್ಡ್‌ಬಾಖ್ ಈ ಮಾತನ್ನು ಲಿಯೊನಾರ್ಡ್ ಆಯ್ಲರ್ ಅವರ ಗಮನಕ್ಕೆ ತಂದರು. 1732ರಲ್ಲಿ ಆಯ್ಲರ್ 641ನ್ನು ಕಂಡುಹಿಡಿದರು.

ಈಗ ಕಾಗದದ ಕೆಲಸ. 65536ರ ವರ್ಗ ನಮ್ಮ ಸಂಖ್ಯೆಗಿಂತ 1 ಮಾತ್ರ ಕಡಿಮೆ. ಹಾಗಾಗಿ ಇದು ಸಂಯುಕ್ತವಾಗಿದ್ದರೆ 65536ರೊಳಗೆ ಒಂದು ಅವಿಭಾಜ್ಯ ಅಪವರ್ತನ ಇರಲೇಬೇಕು. ಅಲ್ಲಿಯವರೆಗೆ ಇರುವ ಅವಿಭಾಜ್ಯಗಳು 6542. ಕಣ್ಣುಮುಚ್ಚಿ 2, 3, 5 ಎಂದು ಒಂದೊಂದಾಗಿ ಹೊರಟರೆ 116ನೆಯ ಅವಿಭಾಜ್ಯವಾದ 641ಕ್ಕೆ ಉತ್ತರ ಸಿಗುತ್ತದೆ. ಅದೇನೂ ಅಸಾಧ್ಯವಲ್ಲ, ತಾಳ್ಮೆಯ ಒಂದು ಮಧ್ಯಾಹ್ನದ ಕೆಲಸ. ಆದರೆ ಅಷ್ಟೂ ಬೇಕಾಗಿಲ್ಲ.

‘ಪ’ ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. ಆಗ 2³²ನ್ನು ‘ಪ’ದಿಂದ ಭಾಗಿಸಿದರೆ ಶೇಷ −1, ಅಂದರೆ ‘ಪ’ಕ್ಕಿಂತ ಒಂದು ಕಡಿಮೆ. ಅದರ ವರ್ಗ 2⁶⁴ಕ್ಕೆ ಶೇಷ 1. ಈಗ 2, 2², 2³ ಎಂದು ಏರುತ್ತ ಹೋಗಿ, ಶೇಷ ಮೊದಲ ಸಲ 1 ಆಗುವ ಹೆಜ್ಜೆ ಯಾವುದು ಎಂದು ಕೇಳಿ. ಆ ಹೆಜ್ಜೆ 64ನ್ನು ಭಾಗಿಸುವ ಸಂಖ್ಯೆಯೇ ಆಗಿರಬೇಕು. ಅದು 64ಕ್ಕಿಂತ ಚಿಕ್ಕದಾಗಿದ್ದರೆ 32ನ್ನೂ ಭಾಗಿಸುತ್ತದೆ. ಹಾಗಾದರೆ 2³²ರ ಶೇಷ 1 ಆಗಬೇಕಿತ್ತು, −1 ಅಲ್ಲ. ಆದ್ದರಿಂದ ಅದು ಸರಿಯಾಗಿ 64. ಇನ್ನೊಂದು ಕಡೆ, ಫರ್ಮಾ ಅವರ ಕಿರು ಪ್ರಮೇಯದ ಪ್ರಕಾರ 2ರ (ಪ − 1)ನೇ ಘಾತಕ್ಕೂ ಶೇಷ 1. ಎರಡನ್ನೂ ಸೇರಿಸಿದರೆ ‘ಪ − 1’ 64ರ ಗುಣಕ. ಅಂದರೆ ಹುಡುಕಬೇಕಾದ ಅಪವರ್ತನಗಳೆಲ್ಲ 64ರ ಗುಣಕಕ್ಕೆ 1 ಸೇರಿಸಿದ ರೂಪದವು.

ಆ ಪಟ್ಟಿ ಹೀಗೆ ಹೊರಡುತ್ತದೆ: 65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯಗಳು 193, 257, 449, 577 ಮತ್ತು 641. ಐದೇ.

ಪ್ರತಿಯೊಂದಕ್ಕೂ ಹತ್ತು ಅಂಕಿಯ ಭಾಗಾಕಾರ ಮಾಡುವ ಅಗತ್ಯವಿಲ್ಲ. 2⁸ = 256ರಿಂದ ಶುರು ಮಾಡಿ ಎರಡು ಸಲ ವರ್ಗ ಮಾಡಿ, ಪ್ರತಿ ಸಲವೂ ಶೇಷವನ್ನು ಮಾತ್ರ ಉಳಿಸಿಕೊಳ್ಳಿ. 193ಕ್ಕೆ: 256ರ ಶೇಷ 63, 63ರ ವರ್ಗ 3969, ಶೇಷ 109, 109ರ ವರ್ಗ 11881, ಶೇಷ 108. ಒಂದು ಕೂಡಿಸಿದರೆ 109. ಸೊನ್ನೆ ಬರಲಿಲ್ಲ, 193 ಹೋಯಿತು. ಇದೇ ಕ್ರಮದಲ್ಲಿ 257ಕ್ಕೆ ಕೊನೆಯ ಶೇಷ 2, 449ಕ್ಕೆ 325, 577ಕ್ಕೆ 288. ಈಗ 641: 65536ರಿಂದ 641 × 102 = 65382 ಕಳೆದರೆ 154. 154ರ ವರ್ಗ 23716. 641 × 37 = 23717. ಒಂದೇ ಒಂದು ಕಡಿಮೆ! ಅಂದರೆ 2³²ರ ಶೇಷ −1, ಅದಕ್ಕೆ 1 ಕೂಡಿಸಿದರೆ ಸೊನ್ನೆ. ಸಾಧನೆ ಮುಗಿಯಿತು.

ಪೂರ್ತಿ ಭಾಗಾಕಾರ ಮಾಡಿ ಭಾಗಲಬ್ಧ ನೋಡಬೇಕೆಂದರೆ ಒಂದು ಕಡೆ ಎಚ್ಚರ ಬೇಕು. 4294ರಲ್ಲಿ 641 ಆರು ಸಲ, ಉಳಿದದ್ದು 448. 9 ಇಳಿಸಿದರೆ 4489. ಏಳು ಸಲ, ಉಳಿದದ್ದು 2. 6 ಇಳಿಸಿದರೆ 26. ಹೋಗುವುದಿಲ್ಲ, ಭಾಗಲಬ್ಧದಲ್ಲಿ 0. 7 ಇಳಿಸಿದರೆ 267; ಮತ್ತೆ 0. 2 ಇಳಿಸಿದರೆ 2672. ನಾಲ್ಕು ಸಲ, ಉಳಿದದ್ದು 108. 9 ಇಳಿಸಿದರೆ 1089; ಒಂದು ಸಲ, ಉಳಿದದ್ದು 448. ಕೊನೆಯ 7 ಇಳಿಸಿದರೆ 4487; ಸರಿಯಾಗಿ ಏಳು ಸಲ. ಭಾಗಲಬ್ಧ 6700417. ನಡುವಿನ ಆ ಎರಡು ಸೊನ್ನೆಗಳನ್ನು ಮರೆತು 67417 ಎಂದು ಬರೆಯುವುದು ಇಲ್ಲಿ ಆಗುವ ಮಾಮೂಲಿ ತಪ್ಪು. ತಾಳೆ ನೋಡುವ ಎರಡು ಹಳೆಯ ಉಪಾಯಗಳೂ ಈ ತಪ್ಪನ್ನು ಹಿಡಿಯುವುದಿಲ್ಲ. ಅಂಕಿಗಳನ್ನು ಕೂಡಿ 9ರಿಂದ ನೋಡುವ ತಾಳೆಗೆ ಸೊನ್ನೆ ಲೆಕ್ಕಕ್ಕೇ ಬರುವುದಿಲ್ಲ. ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ ಕಳೆಯುವ 11ರ ತಾಳೆಯಲ್ಲಿ, ಅಕ್ಕಪಕ್ಕದ ಎರಡು ಸೊನ್ನೆ ಬಿಟ್ಟರೂ ಉಳಿದ ಅಂಕಿಗಳ ಸರದಿ ಬದಲಾಗುವುದಿಲ್ಲ. 7ರ ತಾಳೆ ಹಿಡಿಯುತ್ತದೆ: 641ರ ಶೇಷ 4, 6700417ರ ಶೇಷ 3, ಗುಣಲಬ್ಧ 12ರ ಶೇಷ 5; ಮೂಲ ಸಂಖ್ಯೆಯ ಶೇಷವೂ 5. 67417 ಆದರೆ 7ರಿಂದ ನಿಶ್ಶೇಷವಾಗಿ ಭಾಗವಾಗಿಬಿಡುತ್ತದೆ, ತಪ್ಪು ಅಲ್ಲೇ ಬಯಲಾಗುತ್ತದೆ. ಎಲ್ಲಕ್ಕಿಂತ ಸುಲಭ, ಅಂಕಿ ಎಣಿಸುವುದು: ಹತ್ತು ಅಂಕಿಯ ಸಂಖ್ಯೆಯನ್ನು ಮೂರು ಅಂಕಿಯಿಂದ ಭಾಗಿಸಿದರೆ ಐದು ಅಂಕಿ ಬರಲು ಸಾಧ್ಯವೇ ಇಲ್ಲ.

ಭಾಗಾಕಾರವನ್ನೇ ಮಾಡದೆ 641ನ್ನು ಒಪ್ಪಿಸುವ ದಾರಿಯೂ ಇದೆ. ಈ ಇಡೀ ವಿಷಯದಲ್ಲಿ ಅತ್ಯಂತ ಚೆಲುವಾದದ್ದು ಇದೇ ಎಂದು ನನ್ನ ಎಣಿಕೆ. 641ನ್ನು ಎರಡು ಬಗೆಯಲ್ಲಿ ಬರೆಯಬಹುದು:

641 = 5 × 2⁷ + 1
641 = 5⁴ + 2⁴

ಮೊದಲನೆಯದರಿಂದ, 641ರ ಶೇಷದ ಲೆಕ್ಕದಲ್ಲಿ 5 × 2⁷ ಎಂದರೆ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ ಎಂದರೆ 1. ಎರಡನೆಯದರಿಂದ 5⁴ ಎಂದರೆ −2⁴. ಅದನ್ನು ಅಲ್ಲಿಗೆ ಹಾಕಿದರೆ −2³² ಎಂದರೆ 1. ಅಂದರೆ 2³² + 1 ಎಂದರೆ 0. ಮೂರು ಸಾಲು, ಒಂದೂ ದೊಡ್ಡ ಗುಣಾಕಾರವಿಲ್ಲ.

ಇಷ್ಟಕ್ಕೆ ನಿಲ್ಲಿಸಬಾರದು. 6700417 ಇನ್ನೂ ಒಡೆಯುತ್ತದೆಯೇ ಎಂದು ನೋಡಬೇಕು. ಅನೇಕರು ಇದನ್ನು ಕೇಳುವುದೇ ಇಲ್ಲ. ಅದರ ವರ್ಗಮೂಲ 2588ಕ್ಕಿಂತ ಸ್ವಲ್ಪ ಹೆಚ್ಚು. ಅದರ ಯಾವ ಅಪವರ್ತನವಾದರೂ ಮೂಲ ಸಂಖ್ಯೆಯದೂ ಅಪವರ್ತನವೇ, ಹಾಗಾಗಿ ಮೇಲಿನ ನಿಯಮ ಇಲ್ಲೂ ನಡೆಯುತ್ತದೆ. 1878ರಲ್ಲಿ ಎಡ್ವಾರ್ ಲ್ಯೂಕಾ ಆ ನಿಯಮವನ್ನು ಇನ್ನೂ ಬಿಗಿ ಮಾಡಿದರು: 64ರ ಬದಲು 128. ಕಾರಣ ಇದು. 256 × 65535 = 16776960 ಎಂಬ ಸಂಖ್ಯೆಯ ವರ್ಗವನ್ನು 4294967297ರಿಂದ ಭಾಗಿಸಿದರೆ ಶೇಷ 2. ಅಂದರೆ ಈ ಲೆಕ್ಕದಲ್ಲಿ 2ಕ್ಕೆ ಒಂದು ವರ್ಗಮೂಲವಿದೆ. 2ರ ಘಾತಗಳು 64 ಹೆಜ್ಜೆಗೆ 1ಕ್ಕೆ ಮರಳಿದರೆ ಆ ವರ್ಗಮೂಲದ ಘಾತಗಳಿಗೆ ಅದರ ಎರಡರಷ್ಟು, 128 ಹೆಜ್ಜೆ ಬೇಕು. ಹಾಗಾಗಿ ‘ಪ − 1’ 128ರ ಗುಣಕ.

128ರ ಗುಣಕಕ್ಕೆ 1 ಸೇರಿಸಿದ, 2588ರೊಳಗಿನ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 257ಕ್ಕೆ ಮೂಲ ಸಂಖ್ಯೆಯೇ ಒಗ್ಗಲಿಲ್ಲ, ಅದನ್ನು ಬಿಡಬಹುದು. 641ನ್ನು ಮಾತ್ರ ಬಿಡಬೇಡಿ, ಅದು ಎರಡನೆಯ ಸಲವೂ ಭಾಗಿಸಬಹುದಿತ್ತು. 6700417ನ್ನು ಭಾಗಿಸಿದಾಗ 641ಕ್ಕೆ ಶೇಷ 44, 769ಕ್ಕೆ 120, 1153ಕ್ಕೆ 334, 1409ಕ್ಕೆ 622. ಎಲ್ಲೂ ಸೊನ್ನೆಯಿಲ್ಲ. 6700417 ಅವಿಭಾಜ್ಯ. ಲ್ಯೂಕಾ ನಿಯಮವನ್ನು ಮೊದಲೇ ಹಿಡಿದಿದ್ದರೆ 641ರ ಹುಡುಕಾಟವೂ ಎರಡೇ ಪ್ರಯತ್ನಕ್ಕೆ ಮುಗಿಯುತ್ತಿತ್ತು, 257 ಮತ್ತು 641. ಫರ್ಮಾ ಅವರ ಕೈಯಲ್ಲೂ ಇದೇ ಜಾತಿಯ ಉಪಕರಣ ಇತ್ತು. 2³⁷ − 1ನ್ನು 223 ಭಾಗಿಸುತ್ತದೆ ಎಂದು ಅವರು ಇಂಥದೇ ತರ್ಕದಿಂದ 1640ರಲ್ಲೇ ಕಂಡುಕೊಂಡಿದ್ದರು.

ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದು ಅಪವರ್ತಿಸುವ ವಿಧಾನವನ್ನು ಇಲ್ಲಿ ಪ್ರಯತ್ನಿಸಬೇಡಿ. ಅದು ಎರಡು ಅಪವರ್ತನಗಳೂ ಹತ್ತಿರ ಹತ್ತಿರ ಇದ್ದಾಗ ಮಾತ್ರ ಚುರುಕು. ಇಲ್ಲಿ ಉತ್ತರ 3350529² − 3349888². 65537ರಿಂದ ಹೊರಟು ಅಲ್ಲಿಗೆ ಮುಟ್ಟಲು 32 ಲಕ್ಷಕ್ಕೂ ಹೆಚ್ಚು ಪ್ರಯತ್ನ ಬೇಕು.

ಎರಡು ವರ್ಗಗಳ ಮೊತ್ತದ ಕಡೆಯಿಂದ ಬಂದರೆ ಕತೆ ಬೇರೆ. 4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ಬಗೆಯಲ್ಲಿ ಬರೆಯಬಹುದು. ನಮ್ಮ ಸಂಖ್ಯೆಗೆ ಒಂದು ಬಗೆ ಎದುರಿಗೇ ಇದೆ: 65536² + 1². ಇನ್ನೊಂದು ಇದೆ:

62264² + 20449² = 3876805696 + 418161601 = 4294967297

ಎರಡು ಬಗೆ ಸಿಕ್ಕಿದ ಕ್ಷಣಕ್ಕೇ ಅದು ಸಂಯುಕ್ತ ಎಂದು ಖಚಿತ. ಅಷ್ಟೇ ಅಲ್ಲ, ಅಪವರ್ತನವೂ ಕೈಗೆ ಬರುತ್ತದೆ. ದೊಡ್ಡ ಸಂಖ್ಯೆಗಳ ವ್ಯತ್ಯಾಸ 65536 − 62264 = 3272. ಚಿಕ್ಕವುಗಳ ವ್ಯತ್ಯಾಸ 20449 − 1 = 20448. ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) 8. ಅದರಿಂದ ಭಾಗಿಸಿದರೆ 409 ಮತ್ತು 2556. ಈಗ 409² + 2556² = 167281 + 6533136 = 6700417. ದೊಡ್ಡ ಅಪವರ್ತನ ನೇರವಾಗಿ ಹೊರಬಂತು. ಚಿಕ್ಕದಾದ 641 ಎಂದರೆ 25² + 4². ಎರಡನೆಯ ಜೋಡಿಯನ್ನು ಹುಡುಕುವುದು ಸುಲಭವಲ್ಲ ನಿಜ. ಸಿಕ್ಕಿದ ಮೇಲೆ ತಾಳೆ ನೋಡುವುದು ಮಾತ್ರ ಕೆಲವೇ ನಿಮಿಷದ ಮಾತು. ಇನ್ನೊಂದು ಸಂಗತಿ, 20449 ತಾನೇ 143ರ ವರ್ಗ. ಹಾಗಾಗಿ ನಮ್ಮ ಸಂಖ್ಯೆ ಒಂದು ವರ್ಗ ಮತ್ತು ಒಂದು ನಾಲ್ಕನೇ ಘಾತದ ಮೊತ್ತವಾಗಿ 62264² + 143⁴ ಎಂದೂ ನಿಲ್ಲುತ್ತದೆ.

ಇನ್ನು ನಿಮ್ಮ ಪ್ರೋಗ್ರಾಂ. ಫರ್ಮಾ ಪರೀಕ್ಷೆ ಹೇಳುವುದು ಇಷ್ಟು: ಸಂಖ್ಯೆ ಅವಿಭಾಜ್ಯವಾಗಿದ್ದರೆ, ಆಧಾರವನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿದಾಗ ಶೇಷ 1 ಬರಬೇಕು. 1 ಬರದಿದ್ದರೆ ಸಂಯುಕ್ತ ಎಂಬುದು ನಿಶ್ಚಯ. 1 ಬಂದರೆ ಅವಿಭಾಜ್ಯ ಎಂದು ಅರ್ಥವಲ್ಲ. ನಮ್ಮ ಸಂಖ್ಯೆಯ ಮಟ್ಟಿಗೆ 2 ಅತ್ಯಂತ ಕೆಟ್ಟ ಆಯ್ಕೆ. ಸಂಖ್ಯೆಗಿಂತ ಒಂದು ಕಡಿಮೆ ಎಂದರೆ 2³², ಅದು 64ರ ಗುಣಕ. 2⁶⁴ರ ಶೇಷ ಹೇಗೂ 1. ಹಾಗಾಗಿ ಪರೀಕ್ಷೆ ಪಾಸಾಗಲೇಬೇಕು, ಸಂಖ್ಯೆ ಒಡೆಯಲಿ ಬಿಡಲಿ. ಈ ಸಾಲಿನ ಎಲ್ಲ ಸಂಖ್ಯೆಗಳೂ 2ರ ಪರೀಕ್ಷೆಯಲ್ಲಿ ಪಾಸಾಗುತ್ತವೆ. ವರ್ಗ ಮಾಡುತ್ತ ಹೋಗುವಾಗ ನಡುವಿನ ಶೇಷಗಳನ್ನೂ ಗಮನಿಸಿ, −1 ಬಂದರೆ ಪಾಸು ಮಾಡುವ, ಇನ್ನೂ ಕಟ್ಟುನಿಟ್ಟಾದ ಮಿಲ್ಲರ್-ರಾಬಿನ್ ಪರೀಕ್ಷೆಯೂ 2ರ ಆಧಾರದಲ್ಲಿ ಇಲ್ಲಿ ಮೋಸಹೋಗುತ್ತದೆ: 2, 4, 16, 256, 65536 ಆದ ಮೇಲೆ ಐದನೆಯ ವರ್ಗಕ್ಕೇ ಶೇಷ −1 ಬಂದುಬಿಡುತ್ತದೆ.

ಹೀಗೆ ಮೋಸ ಮಾಡುವ ಆಧಾರಗಳೆಷ್ಟು ಎಂದು ಎಣಿಸಬಹುದು. 640ಕ್ಕೂ 2³²ಕ್ಕೂ ಮ.ಸಾ.ಅ. 128, 6700416ಕ್ಕೂ 2³²ಕ್ಕೂ ಮ.ಸಾ.ಅ. 128. ಗುಣಿಸಿದರೆ 16384. ಫರ್ಮಾ ಪರೀಕ್ಷೆಯಲ್ಲಿ ಮೋಸ ಮಾಡುವ ಆಧಾರಗಳು ಇಷ್ಟೇ, ಮಿಲ್ಲರ್-ರಾಬಿನ್‌ನಲ್ಲಿ 5462. ಅಂದರೆ ಆಧಾರವನ್ನು ಯಾದೃಚ್ಛಿಕವಾಗಿ ಆರಿಸಿದರೆ ಫರ್ಮಾ ಪರೀಕ್ಷೆ ಸುಮಾರು 2,62,144 ಸಲದಲ್ಲಿ ಒಂದು ಸಲ ಮಾತ್ರ ತಪ್ಪು ದಾರಿಗೆ ಎಳೆಯುತ್ತದೆ. ನೀವು ಆರಿಸಿದ್ದು ಆ ಒಂದನ್ನು.

ಈ ಸಾಲಿನ ಸಂಖ್ಯೆಗಳಿಗೆಂದೇ 1877ರಲ್ಲಿ ಫ್ರೆಂಚ್ ಗಣಿತಜ್ಞ ಪೆಪಾಂ ಒಂದು ಪರೀಕ್ಷೆ ಕೊಟ್ಟಿದ್ದಾರೆ. ಇದು ಎರಡೂ ಕಡೆಗೆ ಖಚಿತ. 3ರಿಂದ ಶುರು ಮಾಡಿ 31 ಸಲ ವರ್ಗ ಮಾಡಿ, ಪ್ರತಿ ಸಲವೂ 4294967297ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಅವಿಭಾಜ್ಯವಾಗಿದ್ದರೆ ಕೊನೆಗೆ −1, ಅಂದರೆ 4294967296 ಬರಬೇಕು. ಬರುವುದು 10324303. ಇನ್ನೊಂದು ಸಲ ವರ್ಗ ಮಾಡಿದರೆ 3029026160, ಅದು 1 ಆಗಬೇಕಿತ್ತು. ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಪ್ರೋಗ್ರಾಂ ಸರಿಯಿದೆಯೇ ಎಂದು ತಾಳೆ ನೋಡಲು ಇವೇ ಸಾಕು. ಈ ಪರೀಕ್ಷೆ ಸಂಯುಕ್ತ ಎಂದು ಸಾರುತ್ತದೆ, ಆದರೆ 641ರ ಸುಳಿವನ್ನೂ ಕೊಡುವುದಿಲ್ಲ. ಅಪವರ್ತನ ಬೇಕಾದರೆ ಮೇಲಿನ ಹುಡುಕಾಟವೇ ಗತಿ.

ಎರಡನೆಯ ಭಾಷೆಯಲ್ಲಿ 0 ಬಂದದ್ದು ಏಕೆ? 64 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಪೂರ್ಣಾಂಕ 18446744073709551615, ಅಂದರೆ 2⁶⁴ − 1. ನಿಮ್ಮ ಲೆಕ್ಕದಲ್ಲಿ ಐದನೆಯ ವರ್ಗಕ್ಕೆ ಶೇಷ 2³² ಆಗಿ ಕೂತಿತು. ಅದರ ವರ್ಗ ಸರಿಯಾಗಿ 2⁶⁴. ಜಾಗ ಸಾಲದೆ ಬಿದ್ದದ್ದು ಕೇವಲ ಒಂದರಿಂದ. ಮೇಲಿನ ಬಿಟ್ ಕಳೆದುಹೋಗಿ ಉಳಿದ 64 ಬಿಟ್‌ಗಳೂ ಸೊನ್ನೆ, ಅಲ್ಲಿಂದ ಮುಂದೆ ಎಷ್ಟು ಸಲ ವರ್ಗ ಮಾಡಿದರೂ ಸೊನ್ನೆಯೇ. ಸಂಖ್ಯೆಯನ್ನು 32 ಬಿಟ್‌ನ ಚರಾಕ್ಷರದಲ್ಲಿ ಇಟ್ಟಿದ್ದರೆ ಇನ್ನೂ ಮೊದಲೇ ಕೆಡುತ್ತಿತ್ತು. 4294967297 ಅಲ್ಲಿ 1 ಆಗಿ ಕೂರುತ್ತದೆ, 1ರಿಂದ ಭಾಗಿಸಿದರೆ ಯಾವುದಕ್ಕೂ ಶೇಷ 0. ಮೊದಲ ಭಾಷೆ ಎಷ್ಟು ಅಂಕಿಯಾದರೂ ಹಿಡಿಯುವ ಪೂರ್ಣಾಂಕಗಳನ್ನು ಬಳಸಿದ್ದರಿಂದ ಸರಿಯಾಗಿ 1 ಕೊಟ್ಟಿತು.

ದೊಡ್ಡ ಪೂರ್ಣಾಂಕಗಳ ಸೌಲಭ್ಯ ಇಲ್ಲದಿದ್ದರೆ 128 ಬಿಟ್‌ನಲ್ಲಿ ಗುಣಿಸಿ. ಈ ಸಂಖ್ಯೆಗಾದರೆ ಭಾಗಾಕಾರವೇ ಬೇಡದ ಉಪಾಯವೂ ಇದೆ. 2³² ಎಂದರೆ −1 ಅಲ್ಲವೇ? ಹಾಗಾಗಿ ಯಾವುದೇ ಗುಣಲಬ್ಧವನ್ನು 2³²ರಲ್ಲಿ ಒಡೆದು, ಕೆಳಗಿನ 32 ಬಿಟ್‌ಗಳಿಂದ ಮೇಲಿನ ಭಾಗವನ್ನು ಕಳೆದರೆ ಅದೇ ಶೇಷ. ಋಣ ಬಂದರೆ ಒಮ್ಮೆ 4294967297 ಕೂಡಿಸಿ. ಸಾವಿರ ಕೋಟಿಯನ್ನು, ಅಂದರೆ 10¹⁰ನ್ನು, ತೆಗೆದುಕೊಳ್ಳಿ: ಅದರಲ್ಲಿ 2³² ಎರಡು ಸಲ ಹೋಗಿ 1410065408 ಉಳಿಯುತ್ತದೆ, 2 ಕಳೆದರೆ 1410065406, ಅದೇ ಶೇಷ. ಆದರೆ ಶೇಷ 2³² ಆಗಿರುವ ಆ ಒಂದು ಸಂದರ್ಭವನ್ನು ಬೇರೆಯಾಗಿ ನೋಡಿಕೊಳ್ಳಬೇಕು, ಅದರ ವರ್ಗ 1 ಎಂದು ನೇರವಾಗಿ ಬರೆದುಬಿಡಿ. ಸ್ಪ್ರೆಡ್‌ಶೀಟಿನಲ್ಲಿ ಮಾತ್ರ ಈ ಲೆಕ್ಕಗಳಿಗೆ ಕೈಹಾಕಬೇಡಿ. ಅಲ್ಲಿ 15 ಅಂಕಿಗಳಾಚೆ ಭರವಸೆಯಿಲ್ಲ. ನಮ್ಮ ಸಂಖ್ಯೆಯ ವರ್ಗ 18446744082299486209. ಸ್ಪ್ರೆಡ್‌ಶೀಟಿನ ಕೋಶದಲ್ಲಿ ಅದು 18446744082299500000 ಎಂದು ಕಾಣುತ್ತದೆ. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ಶೇಷ ಸುಮ್ಮನೆ ತಪ್ಪಾಗುತ್ತದೆ.

ಉಳಿದ ಗುಣಗಳಲ್ಲಿ ಕೆಲವು ಲೆಕ್ಕದ ಪುಸ್ತಕಕ್ಕೆ ಸೇರಿದವು, ಬೇಗ ಹೇಳಿಬಿಡುತ್ತೇನೆ. ಭಾಜಕಗಳು ನಾಲ್ಕು: 1, 641, 6700417 ಮತ್ತು ಅದೇ ಸಂಖ್ಯೆ. ನಾಲ್ಕರ ಮೊತ್ತ 4301668356. ಇದರೊಂದಿಗೆ 1ನ್ನು ಬಿಟ್ಟು ಸಾಮಾನ್ಯ ಅಪವರ್ತನವಿಲ್ಲದ, ಇದಕ್ಕಿಂತ ಚಿಕ್ಕ ಸಂಖ್ಯೆಗಳು 640 × 6700416 = 4288266240. ಅಂಕಿಗಳ ಮೊತ್ತ 59. ಕೊನೆಯ ಎರಡು ಅಂಕಿ 97; ಈ ಸಾಲಿನಲ್ಲಿ 17ರಿಂದ ಮುಂದೆ ಕೊನೆಯ ಎರಡು ಅಂಕಿಗಳು 17, 57, 37, 97 ಎಂದು ಸುತ್ತುತ್ತಲೇ ಇರುತ್ತವೆ.

ಪಕ್ಕದ ಸಂಖ್ಯೆಯೊಂದರ ಜೊತೆಗಿನ ನಂಟು ಇದಕ್ಕಿಂತ ಹೆಚ್ಚು ಸ್ವಾರಸ್ಯದ್ದು. ನಮ್ಮ ಸಂಖ್ಯೆಯಿಂದ 2 ಕಳೆದರೆ 4294967295. ಅದು 3 × 5 × 17 × 257 × 65537, ಅಂದರೆ ಸಾಲಿನ ಹಿಂದಿನ ಐದೂ ಸಂಖ್ಯೆಗಳ ಗುಣಲಬ್ಧ. 65536² − 1ನ್ನು 65535 × 65537 ಎಂದು ಒಡೆದು, 65535ನ್ನು 255 × 257 ಎಂದು ಒಡೆಯುತ್ತ ಕೆಳಗಿಳಿದರೆ ಇದು ತಾನಾಗಿಯೇ ಕಾಣುತ್ತದೆ. ಆದ್ದರಿಂದ ಆ ಐದರಲ್ಲಿ ಯಾವುದೂ ನಮ್ಮ ಸಂಖ್ಯೆಯನ್ನು ಭಾಗಿಸಲಾರದು, ಭಾಗಿಸಿದರೆ ಶೇಷ ಯಾವಾಗಲೂ 2. 257ಕ್ಕೆ ಮೇಲೆ ಬಂದ ಶೇಷ 2 ಇದೇ. ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಎರಡರಿಂದಲೇ ಯಾವ ನಿಯಮಿತ ಬಹುಭುಜಾಕೃತಿಗಳನ್ನು ರಚಿಸಬಹುದು ಎಂಬ ಪ್ರಶ್ನೆಗೆ ಗೌಸ್ 1801ರಲ್ಲಿ ಉತ್ತರ ಕೊಟ್ಟರು, 1837ರಲ್ಲಿ ವಾಂಟ್ಸೆಲ್ ಅದರ ಮತ್ತೊಂದು ಬದಿಯನ್ನು ಸಾಧಿಸಿ ಮುಗಿಸಿದರು. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಈ ಸಾಲಿನ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಗೊತ್ತಿರುವ ಅಂಥ ಅವಿಭಾಜ್ಯಗಳು ಐದೇ. ಹಾಗಾಗಿ 4294967295 ಬಾಹುಗಳ ಆಕೃತಿಯೇ, ಈಗ ಗೊತ್ತಿರುವಂತೆ, ಹೀಗೆ ರಚಿಸಬಹುದಾದ ಅತಿ ದೊಡ್ಡ ಬೆಸ ಬಹುಭುಜ. ಎರಡು ಬಾಹು ಹೆಚ್ಚಿಸಿ 4294967297 ಮಾಡಿದರೆ ರಚನೆ ಅಸಾಧ್ಯ, ಏಕೆಂದರೆ 641 ಈ ಸಾಲಿನ ಅವಿಭಾಜ್ಯವಲ್ಲ. 641ರ ಆ ಒಂದು ಭಾಗಾಕಾರ ರೇಖಾಗಣಿತದಲ್ಲೂ ಗೆರೆ ಎಳೆದಿದೆ.

1/641ನ್ನು ದಶಮಾಂಶದಲ್ಲಿ ಬರೆದು ನೋಡಿ. 32 ಅಂಕಿಗಳು ಮರುಕಳಿಸುತ್ತವೆ. ಮೊದಲ 16 ಅಂಕಿ 0015600624024960, ಮುಂದಿನ 16 ಅಂಕಿ 9984399375975039. ಎರಡನ್ನೂ ಕೂಡಿದರೆ ಹದಿನಾರು ಒಂಬತ್ತುಗಳು. 2³²ರ ಲೆಕ್ಕ ಹತ್ತರ ಘಾತಗಳಲ್ಲೂ ಹೀಗೆ ತಲೆಯೆತ್ತುವುದಕ್ಕೆ ಕಾರಣ ಆ ಹಳೆಯ 5⁴ + 2⁴. 641ರ ಲೆಕ್ಕದಲ್ಲಿ 5⁴ ಎಂದರೆ −2⁴, ವರ್ಗ ಮಾಡಿದರೆ 5⁸ ಎಂದರೆ 2⁸. ಎರಡೂ ಕಡೆ 2⁸ರಿಂದ ಗುಣಿಸಿದರೆ 10⁸ ಎಂದರೆ 2¹⁶, ಎರಡಕ್ಕೂ ಶೇಷ ಅದೇ 154. ಮತ್ತೊಮ್ಮೆ ವರ್ಗ ಮಾಡಿದರೆ 10¹⁶ ಎಂದರೆ 2³², ಅಂದರೆ −1. ಹದಿನಾರನೆಯ ಹೆಜ್ಜೆಯಲ್ಲಿ ಶೇಷ 640 ಬಂದು, ಅಲ್ಲಿಂದ ಮುಂದೆ ಪ್ರತಿ ಅಂಕಿಯೂ ಮೊದಲಿನದನ್ನು 9ರಿಂದ ಕಳೆದಷ್ಟು ಆಗುತ್ತದೆ. ಭಾಗಾಕಾರವನ್ನು ಕೈಯಲ್ಲೇ ಮಾಡಿ, ಎಂಟನೆಯ ಹೆಜ್ಜೆಯ ಶೇಷ 154 ಮತ್ತು ಹದಿನಾರನೆಯದು 640 ಬರುವುದನ್ನು ಕಣ್ಣಾರೆ ನೋಡಬಹುದು.

ಇದೇ ವಿಧಾನವನ್ನು ಸಾಲಿನ ಮುಂದಿನ ಸಂಖ್ಯೆ 2⁶⁴ + 1, ಅಂದರೆ 18446744073709551617ಕ್ಕೆ ಹಚ್ಚಿ ನೋಡಿ. ಅಲ್ಲಿ ಅಪವರ್ತನಗಳು 256ರ ಗುಣಕಕ್ಕೆ 1 ಸೇರಿಸಿದ ರೂಪದವು. ಪ್ರೋಗ್ರಾಂ ಬರೆದರೆ 256 × 1071 + 1 = 274177ರಲ್ಲಿ ಬಾಗಿಲು ತೆರೆಯುತ್ತದೆ; ಇನ್ನೊಂದು ಅಪವರ್ತನ 67280421310721. ಈ ಸಂಖ್ಯೆ ಸ್ವತಃ 64 ಬಿಟ್‌ನಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಇಡೀ ಸಂಖ್ಯೆಯನ್ನು ಬರೆಯಲು ಹೋಗದೆ, 193ಕ್ಕೆ ಮಾಡಿದಂತೆ 256ರಿಂದ ಶುರುಮಾಡಿ ಮೂರು ಸಲ ವರ್ಗ ಮಾಡುತ್ತ ಶೇಷವನ್ನಷ್ಟೇ ಹಿಡಿದು ನಡೆಯಿರಿ. 274177ರವರೆಗಿನ ಶೇಷಗಳ ವರ್ಗ 64 ಬಿಟ್‌ನೊಳಗೆ ನಿರಾಳವಾಗಿ ಕೂರುತ್ತದೆ.